ಕಿತ್ತಳೆ ರಸಕ್ಕೆ ಸಿಕ್ಕ ಭೇಷ್

ಹೊಸದಾಗಿ ಕೆಲಸಕ್ಕೆ ಸೇರಿರುವ ಇಬ್ಬರು ನರ್ಸ್ ಹುಡುಗಿಯರು ಈಚೆಗೆ ಮನೆಗೆ ಬಂದು, "ನಿಮ್ಮ ಕಾಲದ ಅನುಭವ ಬರ್ಕೊಡಿ ಜಾನಕಿ ಮೇಡಂ, ನಮ್ಗೂ ದಾರಿ ಗೊತ್ತಾಗತ್ತೆ" ಎಂದರು. ಅನುಭವ ಎಂದರೆ ಅವರ ಮನಸ್ಸಿನಲ್ಲಿದ್ದದ್ದು ಸೇವೆ, ತ್ಯಾಗ, ತಾಳ್ಮೆ. ಅವೆಲ್ಲ ಬೀಳ್ಕೊಡುಗೆಯ ಭಾಷಣಕ್ಕೆ ಸರಿ. ನನ್ನ ನೌಕರಿಯುದ್ದಕ್ಕೂ ಹೋದ ಹೋದಲ್ಲೆಲ್ಲ ನನ್ನ ಜೊತೆ ಬಂದದ್ದು ಎರಡೇ: ಇಲಾಖೆ ಕೊಟ್ಟ ಚರ್ಮದ ಚೀಲ, ಮತ್ತು ಹೊಟ್ಟೆಕಿಚ್ಚು. ಚೀಲವನ್ನು ನಿವೃತ್ತಿಯ ದಿನ ವಾಪಸು ಕೊಟ್ಟೆ.

ಇನ್ನೊಂದರ ಬಗ್ಗೆ ಬರೆಯುತ್ತೇನೆ. ಅದರ ಜೊತೆಗೇ ಸಿ ಜೀವಸತ್ವದ ಬಗ್ಗೆಯೂ ಬರೆಯಬೇಕಾಗುತ್ತದೆ, ಏಕೆಂದರೆ ಎರಡೂ ನನಗೆ ಒಟ್ಟಿಗೇ ಪರಿಚಯವಾದವು.

ಐವತ್ತರ ದಶಕದ ಕೊನೆಯ ವರ್ಷಗಳು. ಯಶವಂತಪುರದಲ್ಲಿ ತಾಯಿ ಮಕ್ಕಳಿಗೆಂದು ಒಂದು ಸಣ್ಣ ಕೇಂದ್ರವಿತ್ತು. ಎರಡು ಕೋಣೆ, ಒಂದು ಜಗಲಿ, ಮುಂದೆ ಹೊಂಗೆ ಮರ. ನಾನು ಅಲ್ಲಿ ಆರೋಗ್ಯ ಸಂದರ್ಶಕಿ. ಹೆಸರು ದೊಡ್ಡದು, ಕೆಲಸ ಮನೆ ಮನೆ ಸುತ್ತುವುದು. ಒಂದು ಕಡೆ ಹೆಬ್ಬಾಳದ ದಿಕ್ಕಿಗೆ, ಇನ್ನೊಂದು ಕಡೆ ಬಾಗಲಗುಂಟೆಯವರೆಗೆ, ಕೊಡೆ ಹಿಡಿದು ನಡೆಯುತ್ತಿದ್ದೆ. ಮಲ್ಲೇಶ್ವರದ ಹುಡುಗಿ ನಾನು, ಮದರಾಸಿನಲ್ಲಿ ತರಬೇತಿ ಪಡೆದವಳು, ಆ ಜಂಬ ಸಾಕಷ್ಟಿತ್ತು.

ಆಗ ಪ್ರತಿ ಬೇಸಿಗೆಯಲ್ಲೂ ಕೂಸುಗಳಿಗೆ ವಾಂತಿ ಭೇದಿ ಆಗುತ್ತಿತ್ತು. ಬೆಳಗ್ಗೆ ನೋಡಿದ ಮಗು ಸಂಜೆಗೆ ಇರುತ್ತಿರಲಿಲ್ಲ. ಅದಕ್ಕೇ ನಾನು ಒಂದೇ ಮಂತ್ರ ಹಿಡಿದೆ: ಕುದಿಸಿ. ನೀರು ಕುದಿಸಿ, ಹಾಲು ಕುದಿಸಿ, ಬಾಟಲಿ ಕುದಿಸಿ, ಚಮಚ ಕುದಿಸಿ. "ಮಗುವಿನ ಬಾಯಿಗೆ ಹೋಗೋದೆಲ್ಲ ಕುದಿದಿರಬೇಕು" ಎಂದು ಪ್ರತಿ ಜಗಲಿಯಲ್ಲೂ ಕೂತು ಹೇಳುತ್ತಿದ್ದೆ, ತಾಯಂದಿರಿಂದ ಹೇಳಿಸುತ್ತಿದ್ದೆ. ನನ್ನನ್ನು ದೂರದಲ್ಲಿ ಕಂಡರೆ ಸಾಕು, "ಕುದ್ಸೋ ನರ್ಸಮ್ಮ ಬಂದ್ರು" ಎಂದು ಒಳಗೆ ಓಡಿ ಒಲೆಯ ಮೇಲೆ ನೀರಿಡುತ್ತಿದ್ದರು. ಆ ಹೆಸರು ನನಗೆ ಬಹಳ ಪ್ರಿಯವಾಗಿತ್ತು. ಸುಳ್ಳು ಯಾಕೆ ಹೇಳಲಿ, ಅದರಿಂದ ಮಕ್ಕಳೂ ಉಳಿದವು.

ನಮ್ಮ ಮೇಲಧಿಕಾರಿ ಡಾಕ್ಟರಮ್ಮ. ಸಣಕಲು ದೇಹ, ಬಿಳಿ ಹತ್ತಿ ಸೀರೆ, ದುಂಡು ಕನ್ನಡಕ. ಮಾತು ಕಡಿಮೆ. ಕೆಲಸ ಕೆಟ್ಟರೆ ಹುಬ್ಬು ಏರುತ್ತಿತ್ತು, ಚೆನ್ನಾಗಿದ್ದರೆ ಏರುತ್ತಿರಲಿಲ್ಲ, ಅಷ್ಟೇ. ಬಹಳ ಮೆಚ್ಚಿದರೆ ಮಾತ್ರ "ಭೇಷ್" ಎನ್ನುತ್ತಾರೆಂದು ಹಳಬರು ಹೇಳುತ್ತಿದ್ದರು. ಮೂರು ವರ್ಷ ದುಡಿದರೂ ನಾನು ಅದನ್ನು ಕೇಳಿರಲಿಲ್ಲ. ಹಬ್ಬದ ಸೀರೆಗೆ ಕಾಯುವ ಹಾಗೆ ಕಾಯುತ್ತಿದ್ದೆ.

ಅವರು ನಮಗೆ ಕಲಿಸಿದ ಪದ್ಧತಿ ಒಂದಿತ್ತು. "ತಾಯಿ ಏನು ಮಾಡ್ತಾಳೆ ಅಂತ ಕೇಳ್ಕೊಂಡು ಬರಬೇಡಿ. ನಿಮ್ಮೆದುರಿಗೆ ಮಾಡಿಸಿ, ನೋಡ್ಕೊಂಡು ಬನ್ನಿ" ಎನ್ನುತ್ತಿದ್ದರು. ಹಾಲು ಹೇಗೆ ಕಾಯಿಸುತ್ತೀಯಮ್ಮ ಎಂದು ಕೇಳಿದರೆ ಎಲ್ಲರೂ ಪಾಠ ಒಪ್ಪಿಸುತ್ತಾರೆ. ಕಾಯಿಸು ನೋಡೋಣ ಎಂದರೆ ಸೆರಗಿನಿಂದ ಬಾಟಲಿಯ ಬಾಯಿ ಒರೆಸುವುದು ಕಾಣುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇದನ್ನು ಒಂದೇ ಒಂದು ಮನೆಯಲ್ಲಿ ಮರೆತೆ.

ಆ ಹೊತ್ತಿಗೆ ಗೌರಮ್ಮ ಬಂದಳು. ಚಿಕ್ಕಬಾಣಾವರದವಳು, ಇಪ್ಪತ್ತೆರಡು ವಯಸ್ಸು, ಸೂಲಗಿತ್ತಿ ತರಬೇತಿ ಮುಗಿಸಿದ್ದಳು. ದಿನಾ ಬೆಳಗಿನ ರೈಲಿನಲ್ಲಿ ಬಂದಿಳಿಯುತ್ತಿದ್ದಳು. ಹಾಲು ಎನ್ನಲು ಬಾರದೆ ಆಲು ಎನ್ನುತ್ತಿದ್ದಳು. ನನಗೆ ನಗು. ತಿದ್ದುವ ನೆಪದಲ್ಲಿ ನಾಲ್ಕು ಜನರೆದುರು ನಗುತ್ತಿದ್ದೆ, ಅವಳೂ ನನ್ನ ಜೊತೆ ನಗುತ್ತಿದ್ದಳು. ಅದೇ ನನಗೆ ಮೊದಲು ಚುಚ್ಚಿದ್ದು.

ಒಂದು ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಸಿ ಜೀವಸತ್ವದ ಪಾಠ ಮಾಡಿದರು. "ಮೂಳೆ, ವಸಡು, ಚರ್ಮ, ರಕ್ತನಾಳ, ಇವನ್ನೆಲ್ಲ ಹಿಡಿದಿಡೋ ಒಂದು ಗಾರೆ ನಮ್ಮ ಮೈಯಲ್ಲಿದೆ. ಆ ಗಾರೆ ಗಟ್ಟಿಯಾಗೋಕೆ ಸಿ ಬೇಕು. ಇಲ್ಲದಿದ್ರೆ ವಸಡಲ್ಲಿ ರಕ್ತ, ಗಾಯ ಮಾಯೋದಿಲ್ಲ, ಕೀಲು ನೋವು. ನಾಯಿ, ಮೇಕೆ ಅದನ್ನ ಮೈಯಲ್ಲೇ ತಯಾರಿಸ್ಕೊಳ್ತವೆ. ಮನುಷ್ಯನ ಕೈಲಾಗಲ್ಲ. ಕೂಡಿಡೋಕೂ ಹೆಚ್ಚು ಆಗಲ್ಲ, ತಿಂತಾ ಇರಬೇಕು" ಎಂದರು. ಕೊನೆಗೆ, "ಬೆಂಕಿ ಕಂಡ್ರೆ ಅದಕ್ಕೆ ಆಗದು" ಎಂದರು. ನಾನು ಅದನ್ನು ನೋಟ್ ಪುಸ್ತಕದಲ್ಲಿ ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಗೌರಮ್ಮ ಏನನ್ನೂ ಬರೆಯಲಿಲ್ಲ. ಸುಮ್ಮನೆ ಕೇಳಿಸಿಕೊಂಡಳು.

ಆ ಬೇಸಿಗೆಯಲ್ಲೇ ಬಾಗಲಗುಂಟೆಯ ಆಚೆ ಕಲ್ಲು ಒಡೆಯುವವರ ಗುಡಿಸಲುಗಳಿಂದ ಕರೆ ಬಂತು. ಗಂಡಸರು ಹೆಂಗಸರು ಎನ್ನದೆ ವಸಡು ಊದಿಕೊಂಡು ರಕ್ತ ಸುರಿಯುತ್ತಿತ್ತು, ತೊಡೆಯ ಮೇಲೆ ನೀಲಿ ಮಚ್ಚೆ. ತಿನ್ನುತ್ತಿದ್ದದ್ದು ಬರೀ ರಾಗಿಮುದ್ದೆ, ಒಣಮೆಣಸಿನಕಾಯಿ ಗೊಜ್ಜು. ಸೊಪ್ಪು, ಹಣ್ಣು ಕಣ್ಣಿಗೂ ಕಂಡಿರಲಿಲ್ಲ. ಇದು ಸಿ ಕೊರತೆ ಎಂದು ನನಗೆ ತಕ್ಷಣ ಹೊಳೆಯಿತು. ಅಲ್ಲಿಯವರೆಗೆ ಸರಿ. ಆಮೇಲೆ ನಾನು ದೊಡ್ಡ ಪಂಡಿತೆಯಂತೆ, "ಚೆನ್ನಾಗಿ ಹುಳಿ ತಿನ್ನಿ" ಎಂದು ಹೇಳಿ ಬಂದೆ.

ಅವರು ತಿಂದರು. ಗೊಜ್ಜಿಗೆ ಎರಡರಷ್ಟು ಹುಣಸೆಹಣ್ಣು ಹಾಕಿ ಕುದಿಸಿ ತಿಂದರು. ಹುಳಿ ಇರುವುದೆಲ್ಲ ಸಿ ಅಲ್ಲ. ಹುಣಸೆಯಲ್ಲಿ ಅದು ಹೆಸರಿಗಷ್ಟೇ ಇದೆ, ಸಿಹಿ ಸೀಬೆಹಣ್ಣಿನಲ್ಲಿ ಧಾರಾಳವಾಗಿದೆ. ಎರಡು ವಾರವಾದರೂ ರಕ್ತ ನಿಲ್ಲಲಿಲ್ಲ.

ಆಮೇಲೆ ಗೌರಮ್ಮ ಹೋದಳು. ಅವರ ಗುಡಿಸಲಲ್ಲಿ ಹುರುಳಿ ಇದ್ದದ್ದು ನೋಡಿ, ತಾನೇ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು ಬಂದಳು. ಮೂರನೆಯ ದಿನ ಮತ್ತೆ ಹೋಗಿ ಗಂಟು ಬಿಚ್ಚಿ, "ನೋಡ್ರವ್ವಾ, ಮೊಳ್ಕೆ ಬಂದೈತೆ. ಬೇಯಿಸ್ಬ್ಯಾಡಿ, ಇಂಗೇ ಅಸೀದೇ ತಿನ್ನಿ. ನುಗ್ಗೆಸೊಪ್ಪು ಸಿಕ್ರೆ ಒಂದ್ ಗಳಿಗೆ ಬಾಡ್ಸಿ ತಿನ್ನಿ, ಸಾಕು" ಎಂದಳಂತೆ. ಒಣ ಕಾಳಿನಲ್ಲಿ ಇಲ್ಲದ ಸಿ ಮೊಳಕೆಯಲ್ಲಿ ಹುಟ್ಟುತ್ತದೆ. ಡಾಕ್ಟರಮ್ಮ ಪಾಠದ ನಡುವೆ ಒಂದೇ ಸಲ ಹೇಳಿದ್ದ ಮಾತು ಅದು. ನನ್ನ ನೋಟ್ ಪುಸ್ತಕದಲ್ಲೂ ಇತ್ತು. ಹತ್ತು ದಿನದಲ್ಲಿ ವಸಡು ಗಟ್ಟಿಯಾದವು.

ಡಾಕ್ಟರಮ್ಮ ಕನ್ನಡಕ ತೆಗೆದು ಗೌರಮ್ಮನನ್ನು ನೋಡಿ, "ಭೇಷ್" ಎಂದರು.

ಸೇರಿ ಮೂರು ತಿಂಗಳೂ ಆಗಿರದ ಹುಡುಗಿ! ಅವತ್ತು ಮನೆಗೆ ಹೋಗಿ ಊಟ ಬಿಟ್ಟೆ. ಅಮ್ಮ ಕೇಳಿದ್ದಕ್ಕೆ ಏಕಾದಶಿ ಎಂದೆ. "ಇವತ್ತು ನವಮಿ ಕಣೇ" ಎಂದರು ಅಮ್ಮ.

ಆಮೇಲಿನ ನನ್ನ ಸಣ್ಣತನಗಳನ್ನು ಹೇಳಿದರೆ ನೀವು ನಗುತ್ತೀರಿ. ದೂರದ ಸುತ್ತುಗಳನ್ನೆಲ್ಲ ಅವಳ ತಲೆಗೆ ಕಟ್ಟಿದೆ. ಅವಳು ಕಟ್ಟಿದ ಬ್ಯಾಂಡೇಜನ್ನು ಸುಮ್ಮಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದೆ. ಜಕ್ಕೂರಿನ ಹಾರಾಟ ಕಲಿಸುವ ಶಾಲೆಯ ಸಣ್ಣ ವಿಮಾನಗಳು ತಲೆಯ ಮೇಲೆ ಹಾರಿದಾಗ ಅವಳು ಕೆಲಸ ಬಿಟ್ಟು ಮಕ್ಕಳೊಡನೆ ಅಂಗಳಕ್ಕೆ ಓಡಿ ನೋಡುತ್ತಿದ್ದಳು, ಅದನ್ನು ಡಾಕ್ಟರಮ್ಮನ ಕಿವಿಗೆ ಹಾಕಿದೆ. "ಹೌದಾ? ಯಾವ ಬಣ್ಣದ ವಿಮಾನ?" ಎಂದರು ಡಾಕ್ಟರಮ್ಮ.

ಈಗ ಶಾರದೆಯ ಮಗುವಿನ ವಿಷಯಕ್ಕೆ ಬರುತ್ತೇನೆ.

ಶಾರದಾ ರೈಲ್ವೆ ಗುಮಾಸ್ತರೊಬ್ಬರ ಹೆಂಡತಿ, ವಠಾರದ ಕೊನೆಯ ಮನೆ. ಹೆರಿಗೆಯಾದ ಮೇಲೆ ಟೈಫಾಯ್ಡ್ ಬಂದು ಎದೆಹಾಲು ಬತ್ತಿತು. ಹೆಣ್ಣು ಮಗು ವಾಸಂತಿ ಬಾಟಲಿ ಹಾಲಿನಲ್ಲೇ ಬೆಳೆಯಿತು. ಅಂಥ ಶಿಷ್ಯೆ ನನಗೆ ಮತ್ತೆ ಸಿಗಲಿಲ್ಲ. ನಾನು ಒಂದು ಹೇಳಿದರೆ ಅವಳು ಎರಡು ಮಾಡುತ್ತಿದ್ದಳು. ಅವಳ ಅಡಿಗೆಮನೆಯಲ್ಲಿ ಬಾಟಲಿಗಳು ಬಿಳಿ ಬಟ್ಟೆಯ ಮೇಲೆ ಬೋರಲಾಗಿ ಸಾಲಾಗಿ ನಿಂತಿರುತ್ತಿದ್ದವು. ಬೇರೆ ತಾಯಂದಿರನ್ನು ಕರೆದುಕೊಂಡು ಹೋಗಿ ಅವಳ ಮನೆ ತೋರಿಸುತ್ತಿದ್ದೆ. ಅತ್ತೆಯ ಮಾತು, ಗಂಡನ ಮಾತು ಏನೇ ಇರಲಿ, ಅವಳಿಗೆ ನನ್ನ ಮಾತೇ ವೇದ.

ಕಾಯಿಸಿದ ಹಸುವಿನ ಹಾಲಿನಲ್ಲಿ ಸಿ ಇರುವುದಿಲ್ಲ ಎನ್ನಬಹುದು. ಹಾಗಾಗಿ ಪುಸ್ತಕದಲ್ಲಿದ್ದಂತೆ, ಮಗುವಿಗೆ ದಿನಾ ಎರಡು ಚಮಚ ಕಿತ್ತಳೆ ರಸ ಕೊಡು ಎಂದು ಹೇಳಿದ್ದೆ. ಹೇಳಿದ್ದೆ, ಅಷ್ಟೇ. ಮಾಡಿಸಿ ನೋಡಿರಲಿಲ್ಲ. ಶಾರದೆಯ ಮನೆಯಲ್ಲಿ ನೋಡುವುದೇನಿದೆ?

ಎಂಟನೆಯ ತಿಂಗಳಿಗೆ ಮಗು ಅಳಲು ಶುರುಮಾಡಿತು. ಎತ್ತಿಕೊಂಡರೆ ಕಿರುಚುತ್ತಿತ್ತು, ಮಲಗಿಸಿದರೆ ನರಳುತ್ತಿತ್ತು. ಕಾಲುಗಳನ್ನು ಕಪ್ಪೆಯ ಹಾಗೆ ಮಡಚಿಕೊಂಡು ಅಲ್ಲಾಡಿಸದೆ ಬಿದ್ದಿರುತ್ತಿತ್ತು. ಅತ್ತೆ ದೃಷ್ಟಿ ತೆಗೆದರು. ನೆರೆಯವರು ಪೋಲಿಯೋ ಎಂದು ಪಿಸುಗುಟ್ಟಿದರು. ನಾನು ವಾಯು ಎಂದು ಎಣ್ಣೆ ತಿಕ್ಕಲು ಹೇಳಿದೆ. ಊದಿದ ಆ ಕಾಲನ್ನು ತಿಕ್ಕುವಾಗ ಅದು ಎಷ್ಟು ನೊಂದಿತೋ. ಡಾಕ್ಟರಮ್ಮ ಬೇರೆ ಆ ವಾರವೆಲ್ಲ ಮೈಸೂರಿಗೆ ಹೋಗಿದ್ದರು, ಮರಳುವುದು ಮುಂದಿನ ಮಂಗಳವಾರ.

ಬುಧವಾರ ನಾನೂ ಗೌರಮ್ಮನೂ ಅಲ್ಲಿಗೆ ಹೋದೆವು. ಅವಳು ಕಾಲನ್ನು ಮುಟ್ಟಲೇ ಇಲ್ಲ. ಮಗುವಿನ ತುಟಿಯನ್ನು ಮೆಲ್ಲಗೆ ಎತ್ತಿ ನೋಡಿದಳು. ಹೊಸದಾಗಿ ಬಂದ ಎರಡು ಹಲ್ಲುಗಳ ಸುತ್ತ ವಸಡು ನೇರಳೆ ಬಣ್ಣಕ್ಕೆ ತಿರುಗಿತ್ತು.

"ಅಕ್ಕಾ, ಕಲ್ಲೊಡೆಯೋರ ಬಾಯಿ ಇಂಗೇ ಇತ್ತಲ್ವಾ?" ಎಂದಳು ನನಗೆ. ಆಮೇಲೆ ಶಾರದೆಯ ಕಡೆ ತಿರುಗಿ, "ಮಗೀಗೆ ಅಣ್ಣಿನ ರಸ ಏನಾರಾ ಕೊಡ್ತೀರಾ ಅಮ್ಮಾ?" ಎಂದು ಕೇಳಿದಳು.

"ದಿನಾ ಕಿತ್ತಳೆ ರಸ ಕೊಡ್ತೀನಲ್ಲ! ಸಿಸ್ಟರ್ ಹೇಳಿದ ದಿನದಿಂದ ಒಂದು ದಿನಾನೂ ತಪ್ಸಿಲ್ಲ" ಎಂದಳು ಶಾರದಾ.

ನನಗೆ ಎಷ್ಟು ಸಂತೋಷವಾಯಿತೆಂದರೆ, ನರಳುತ್ತಿರುವ ಮಗುವಿನ ಪಕ್ಕದಲ್ಲಿ ಕೂತು ಅಷ್ಟು ಸಂತೋಷ ಯಾರಿಗೂ ಆಗಬಾರದು. "ಕೇಳಿಸ್ತಾ ಗೌರ? ದಿನಾ ಕೊಡ್ತಾಳೆ. ಎಲ್ಲದಕ್ಕೂ ಒಂದೇ ಕಾಯಿಲೆ ಅನ್ಕೋಬೇಡ" ಎಂದೆ.

ಕೈ ತೊಳೆಯಲು ಅಡಿಗೆಮನೆಯ ಬಾಗಿಲಿಗೆ ಹೋದೆ. ಒಲೆಯ ಮೇಲೆ ಒಂದು ಪುಟ್ಟ ಹಿತ್ತಾಳೆ ಪಾತ್ರೆ. ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಅದರ ಒಳಗಿನ ಕಲಾಯಿ ಎಲ್ಲ ಹೋಗಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅದರೊಳಗೆ ಕಿತ್ತಳೆ ರಸ ಕೊತಕೊತ ಕುದಿಯುತ್ತಿತ್ತು. ಶಾರದಾ ನನ್ನ ಹಿಂದೆಯೇ ಬಂದು ಹೆಮ್ಮೆಯಿಂದ, "ಇನ್ನೂ ಐದು ನಿಮಿಷ ಆಗ್ಬೇಕು ಸಿಸ್ಟರ್. ಮಗು ಬಾಯಿಗೆ ಹೋಗೋದಲ್ವಾ" ಎಂದಳು.

ಕೆಂಪು ಶಾಯಿಯ ಅಡಿಗೆರೆ ಕಣ್ಣೆದುರು ಬಂತು. ಬೆಂಕಿ ಕಂಡರೆ ಆಗದು. ಕಲಾಯಿ ಹೋದ ಹಿತ್ತಾಳೆಯ ತಾಮ್ರ ತಗುಲಿದರೆ ಸಿ ಇನ್ನೂ ಬೇಗ ಸಾಯುತ್ತದೆ. ತಿಂಗಳುಗಟ್ಟಲೆ ಈ ಮಗು ಕುಡಿದದ್ದು ಬರೀ ಬಣ್ಣದ ನೀರು, ಅದೂ ನನ್ನ ಮಂತ್ರ ಕೇಳಿ. ನನ್ನ ಮಾತು ಕೇಳದ ತಾಯಂದಿರ ಮಕ್ಕಳು ಹಸಿ ಹಣ್ಣು ಚೀಪಿ ಗುಂಡುಗುಂಡಗೆ ಇದ್ದವು. ಅಕ್ಷರಶಃ ಕೇಳಿದ ಒಬ್ಬಳ ಮಗು ಹೀಗಾಗಿತ್ತು.

ಒಂದು ಮಾತು ಸಾಕಿತ್ತು. ಇಳಿಸು ಶಾರದಾ, ಹಸೀದೇ ಕೊಡು. ಆದರೆ ಹೊರಗೆ ಗೌರಮ್ಮ ಕೂತಿದ್ದಳು. ಈಗ ಹೇಳಿದರೆ ಅವಳು ಹೇಳಿದ್ದೇ ನಿಜವಾಗುತ್ತದೆ, ತಪ್ಪು ನನ್ನದಾಗುತ್ತದೆ, ಇನ್ನೊಂದು ಭೇಷ್ ಅವಳಿಗೇ ಹೋಗುತ್ತದೆ. ಮಂಗಳವಾರ ಡಾಕ್ಟರಮ್ಮ ಬರಲಿ, ಅವರೆದುರಿಗೇ ನಾನು ಕಂಡುಹಿಡಿದಂತೆ ತೋರಿಸುತ್ತೇನೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆ. ಮುಖ ತಿರುಗಿಸಿ ಹೊರಗೆ ಬಂದೆ.

"ರಸ ಎಂಗ್ ಮಾಡ್ತಾರೆ, ಒಂಚೂರು ನೋಡಾನ ಅಕ್ಕಾ?" ಎಂದು ಗೌರಮ್ಮ ಎದ್ದಳು.

"ಶಾರದೆ ಮನೇಲಿ ನೋಡೋದೇನಿದೆ? ಹೊತ್ತಾಯ್ತು, ನಡಿ" ಎಂದೆ.

ಗುರುವಾರ, ಶುಕ್ರವಾರ, ಶನಿವಾರ ನಾನು ಆ ವಠಾರದ ಕಡೆ ಹೋಗದೆ ಹಿಂದಿನ ಬೀದಿಯಿಂದ ಸುತ್ತಿ ಹೋದೆ. ಆದರೂ ಆ ಅಳು ಕೇಳುತ್ತಿತ್ತು. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಕೇಳುತ್ತಿತ್ತು. ಇನ್ನು ಐದು ದಿನ, ಇನ್ನು ನಾಲ್ಕು ದಿನ ಎಂದು ಎಣಿಸುತ್ತಿದ್ದೆ.

ಮಂಗಳವಾರ ಡಾಕ್ಟರಮ್ಮನನ್ನು ಕರೆದುಕೊಂಡು ಹೋದೆ. ಗೌರಮ್ಮನೂ ಬರಲಿ ಎಂದು ನಾನೇ ಒತ್ತಾಯ ಮಾಡಿದೆ. ಅವಳು ನೋಡಬೇಕಿತ್ತು. ಒಳಗೆ ಕಾಲಿಟ್ಟ ಕೂಡಲೇ ನಾಟಕದ ಪಾತ್ರದವರ ಹಾಗೆ, "ಶಾರದಾ, ನೀನು ಕಿತ್ತಳೆ ರಸ ಹೇಗೆ ಮಾಡ್ತೀಯ, ಡಾಕ್ಟರಮ್ಮನಿಗೆ ತೋರಿಸು" ಎಂದೆ.

ಶಾರದಾ ಕೈ ತೊಳೆದಳು. ಹಣ್ಣು ಸುಲಿದಳು, ಶುಭ್ರ ಬಟ್ಟೆಯಲ್ಲಿ ಹಿಂಡಿದಳು, ಚಮಚಕ್ಕೆ ಬಿಟ್ಟುಕೊಂಡು ನೇರ ಮಗುವಿನ ಬಾಯಿಗೆ ಇಟ್ಟಳು. ಒಲೆ ಹೊತ್ತಿರಲೇ ಇಲ್ಲ.

"ಕುದಿಸಲ್ವಾ?" ಎಂದು ನನ್ನ ಬಾಯಿಂದ ಬಂತು.

"ಅಯ್ಯೋ, ನೀವೇ ಹೇಳಿ ಕಳಿಸಿದ್ರಲ್ಲ ಸಿಸ್ಟರ್! ಭಾನುವಾರ ಗೌರಮ್ಮ ಬಂದು, ಜಾನಕಮ್ಮನವರು ಹೇಳಿದಾರೆ, ಹಾಲು ನೀರು ಕುದೀಲಿ, ರಸ ಮಾತ್ರ ಹಸೀದೇ ಕೊಡ್ಬೇಕಂತೆ ಅಂದ್ರು. ನೆಲ್ಲಿಕಾಯಿನೂ ತಂದ್ಕೊಟ್ರು. ನೋಡಿ, ನಿನ್ನೆಯಿಂದ ಎತ್ಕೊಂಡ್ರೆ ಅಳೋದಿಲ್ಲ ನನ್ ಬಂಗಾರ" ಎಂದು ಶಾರದಾ ಕಣ್ಣೊರೆಸಿಕೊಂಡಳು. ಮಗು ಎಡಗಾಲನ್ನು ಒಂದಿಷ್ಟು ಅಲ್ಲಾಡಿಸಿತು.

ಡಾಕ್ಟರಮ್ಮ ವಸಡು ನೋಡಿದರು, ಮೊಣಕಾಲಿನ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿದರು. "ಸ್ಕರ್ವಿ, ಸಿ ಕೊರತೆಯ ಕಾಯಿಲೆ. ಸರಿಯಾದ ಹೊತ್ತಿಗೆ ಸಿಕ್ತು. ಕಾಲಿಗೇನೂ ಊನ ಆಗಲ್ಲ" ಎಂದು, ನನ್ನ ಕಡೆ ತಿರುಗಿ, "ರಸ ಕುದಿಸ್ತಿದ್ದಾಳೆ ಅಂತ ಯಾವತ್ತು ಗಮನಿಸಿದ್ರಿ ಜಾನಕಿ?" ಎಂದರು.

"ಬುಧವಾರ" ಎಂದೆ. ಅದು ನಿಜವೇ ಆಗಿತ್ತು.

ಅವರು ಕನ್ನಡಕ ತೆಗೆದರು. "ಭೇಷ್" ಎಂದರು.

ಗೌರಮ್ಮ ಬಾಗಿಲ ಬಳಿ ನಿಂತು ನಗುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ದಾರಿಯಲ್ಲಿ, "ನನ್ನ ಹೆಸರು ಯಾಕೆ ಹೇಳ್ದೆ?" ಎಂದು ರೇಗಿ ಕೇಳಿದೆ. "ನಾನ್ ಏಳಿದ್ರೆ ಶಾರದಮ್ಮ ಕೇಳ್ತಿರ್ಲಿಲ್ಲ ಅಕ್ಕಾ. ಅವ್ರು ನಿಮ್ ಮಾತ್ ಬಿಟ್ಟು ಇನ್ನೊಬ್ರ ಮಾತ್ ಕೇಳಾಕಿಲ್ಲ" ಎಂದಳು. ಅಷ್ಟೇ. ಭಾನುವಾರ ರಜೆಯ ದಿನ ರೈಲು ಹತ್ತಿ ಬಂದು, ಮಾಡಿಸಿ ನೋಡಿ ಕಂಡುಹಿಡಿದಿದ್ದಾಳೆ ಎಂದುಕೊಂಡೆ. ಬುಧವಾರವೇ ನನಗೆ ತಿಳಿದಿತ್ತು ಎಂದು ಅವಳಿಗೆ ಹೇಳಲಿಲ್ಲ. ಡಾಕ್ಟರಮ್ಮನಿಗೂ ಹೇಳಲಿಲ್ಲ.

ಮರುದಿನದಿಂದ ನನ್ನ ಮಂತ್ರ ಬದಲಾಯಿತು. "ಹಾಲು ಕುದಿಯಲಿ, ನೀರು ಕುದಿಯಲಿ, ಹಣ್ಣು ಹಸಿಯಿರಲಿ" ಎಂದು ಹಾಡಿನ ಹಾಗೆ ಕಲಿಸಿದೆ. ಅರವತ್ತರ ದಶಕದಲ್ಲಿ ಸಿ ಮಾತ್ರೆಗಳು ಡಬ್ಬಿಗಟ್ಟಲೆ ಬಂದವು, ಪುಡಿ ಮಾಡಿ ಕೂಸುಗಳಿಗೆ ನೆಕ್ಕಿಸುವುದು ಸುಲಭವಾಯಿತು. ಈಗಂತೂ ನೆಗಡಿಯಾದರೂ ಜನ ತಾವೇ ಕೊಂಡು ಚೀಪುತ್ತಾರೆ. ಬರುವ ನೆಗಡಿ ಅದರಿಂದ ನಿಲ್ಲುವುದಿಲ್ಲ. ಬಾಣಂತಿಗೆ ಹಣ್ಣು ತಂಪು, ಕೊಡಬಾರದು ಎನ್ನುವ ಅಜ್ಜಿಯರು ಮಾತ್ರ ಹಾಗೇ ಇದ್ದಾರೆ, ಅವರ ಜೊತೆ ಜಗಳ ನಿಮ್ಮ ಪಾಲಿಗೆ. ನಾವಿಬ್ಬರೂ ಬೇರೆ ಬೇರೆ ಊರುಗಳಿಗೆ ವರ್ಗವಾದೆವು. ಹೋದಲ್ಲೆಲ್ಲ ನನ್ನ ಹೆಸರಿನ ಜೊತೆ ಆ ಕಿತ್ತಳೆ ರಸದ ಕಥೆ ಬಂತು. ನಿವೃತ್ತಿಯ ಸಭೆಯಲ್ಲೂ ಯಾರೋ ಅದನ್ನೇ ಹೇಳಿದರು. ಗೌರಮ್ಮ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅವಳ ಮೇಲಿನ ನನ್ನ ಕರುಬು ಅವತ್ತೂ ಆರಲಿಲ್ಲ. ಮೊದಲು ಅವಳಿಗೆ ಸಿಕ್ಕ ಭೇಷ್‌ಗೆ ಕರುಬಿದೆ, ಆಮೇಲೆ ಅವಳ ನೆಮ್ಮದಿಗೆ. ತಾನು ಮಾಡಿದ್ದರ ಹೆಸರನ್ನು ಇನ್ನೊಬ್ಬರಿಗೆ ಕೊಟ್ಟು ಹಾಯಾಗಿ ನಿದ್ದೆ ಮಾಡುತ್ತಾಳಲ್ಲ ಎಂದು.

ಅವಳು ಈಗಲೂ ಪ್ರತಿ ಚಳಿಗಾಲ ಚಿಕ್ಕಬಾಣಾವರದಿಂದ ಒಂದು ಚೀಲ ನೆಲ್ಲಿಕಾಯಿ ತಂದುಕೊಡುತ್ತಾಳೆ. ಈ ಸಲ ಬಂದಾಗ ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದೆ. ಬುಧವಾರದ ಭಾಗವನ್ನೂ ಬಿಡದೆ ಓದಿದೆ. ಅವಳು ಕೇಳುತ್ತಾ ಕೂತಿದ್ದಳು, ಎಂದಿನಂತೆ.

"ಒಂದ್ ತಪ್ಪೈತೆ ಅಕ್ಕಾ. ನಾನು ಭಾನುವಾರ ಕಂಡುಇಡೀಲಿಲ್ಲ. ಬುಧವಾರವೇ ಗೊತ್ತಾಯ್ತು."

"ನೀನು ಅಡಿಗೆಮನೆಗೆ ಬರಲೇ ಇಲ್ಲವಲ್ಲ ಗೌರ?"

"ಕಿತ್ತಳೆ ಕುದಿಯೋ ವಾಸ್ನೆ ಬರ್ತಿತ್ತು. ನಂಗೆ ಅರ್ಥ ಆಗ್ಲಿಲ್ಲ. ಬಾಗ್ಲಲ್ಲಿ ನಿಮ್ ಮೊಕ ನೋಡ್ದೆ. ಆಗ ಅರ್ಥ ಆಯ್ತು."

"ಮತ್ತೆ ಭಾನುವಾರದ ತನಕ ಯಾಕೆ ಸುಮ್ನಿದ್ದೆ?" ಎಂದೆ.

"ನೀವು ದೊಡ್ಡೋರು, ನೀವೇ ಏಳ್ತೀರಾ ಅಂತ ಕಾದೆ. ನಿಮ್ಮನ್ನ ದಾಟಿ ಓಗಾದು ಎಂಗೆ ಅಂತ. ನಾಕ್ ದಿನ ಕಾದೆ ಅಕ್ಕಾ. ಕಾಯ್ಬಾರ್ದಿತ್ತು. ಆ ಮಗಿನ ಅಳು ನಿಮ್ಗೊಬ್ರಿಗೇ ಕೇಳ್ತದೆ ಅನ್ಕೊಂಡ್ರಾ? ನಂಗೂ ಕೇಳ್ತದೆ, ಇವತ್ತಿಗೂ."

ನಾನು ಇಷ್ಟು ವರ್ಷ ಕರುಬುತ್ತಿದ್ದ ಆ ನೆಮ್ಮದಿ ಅವಳ ಹತ್ತಿರ ಇರಲೇ ಇಲ್ಲ. ಬುಧವಾರದ ಭಾಗವನ್ನು ಹರಿದು ಹಾಕಲೇ ಎಂದು ಕೇಳಿದೆ.

"ಬ್ಯಾಡಿ ಅಕ್ಕಾ, ಉಡ್ಗೀರು ಓದ್ಲಿ. ನನ್ನ ನಾಕ್ ದಿನಾನೂ ಸೇರ್ಸಿ" ಎಂದಳು.

ಸೇರಿಸಿದ್ದೇನೆ.